ಹಳೇ ಬೇಸ್‌ಮೆಂಟ್ ನೆಲಕ್ಕೆ ಹೊಸ ಫ್ಲೋರಿಂಗ್: ಟೈಲ್ಸ್ ಆರಿಸುವ ಮೊದಲು ತೇವ ನೋಡಿ

ಪ್ರಶ್ನೆ: ಬನಶಂಕರಿ 2ನೇ ಹಂತದಲ್ಲಿ ನಮ್ಮ ಮನೆ. 1988ರಲ್ಲಿ ಮಾವನವರು ಕಟ್ಟಿಸಿದ್ದು. ಸೈಟು ಇಳಿಜಾರು, ಹಾಗಾಗಿ ಕೆಳಗೆ ಒಂದು ಬೇಸ್‌ಮೆಂಟ್ ಇದೆ. ಹಿಂದಿನ ಗೋಡೆ ಪೂರ್ತಿ ಮಣ್ಣಿಗೆ ತಾಗಿದೆ, ಮುಂದೆ ರಸ್ತೆ ಕಡೆ ಕಿಟಕಿ ಇದೆ. 20 ಅಡಿ ಉದ್ದ, 14 ಅಡಿ ಅಗಲ. ಹಳೇ ಕಾಂಕ್ರೀಟ್ ನೆಲ, ಅದರ ಮೇಲೆ ರೆಡ್ ಆಕ್ಸೈಡ್. ಇಷ್ಟು ವರ್ಷ ಸಾಮಾನು ತುಂಬಿಟ್ಟಿದ್ದೆವು. ಈಗ ಅದನ್ನು ನನ್ನ ಆಫೀಸ್ ಕೆಲಸಕ್ಕೆ, ಮಕ್ಕಳ ಓದಿಗೆ ಕೋಣೆ ಮಾಡಬೇಕು ಅಂತ ಆಸೆ. ಒಬ್ಬ ಕಾಂಟ್ರಾಕ್ಟರ್ ಇದ್ದ ನೆಲದ ಮೇಲೇ ಮರದ ಲ್ಯಾಮಿನೇಟ್ ಹಾಕೋಣ, ಎರಡೇ ದಿನದ ಕೆಲಸ ಅನ್ನುತ್ತಾರೆ. ಇನ್ನೊಬ್ಬರು ಹಳೇದನ್ನೆಲ್ಲ ಒಡೆದು ಟೈಲ್ಸ್ ಹಾಕಬೇಕು ಅನ್ನುತ್ತಾರೆ. ಹಿಂದಿನ ಮೂಲೆಯಲ್ಲಿ ಬಿಳಿ ಪುಡಿ ಬರುತ್ತದೆ, ನಡುವೆ ಒಂದು ಉದ್ದ ಬಿರುಕಿದೆ. ಯಾರ ಮಾತು ಕೇಳಲಿ? ಸುಮ್ನೆ ಎಪಾಕ್ಸಿ ಪೇಂಟ್ ಹೊಡೆಸಿದರೆ ಸಾಕಾ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಕೇಳಬೇಡಿ. ಹಳೇ ನೆಲ ಒಡೆಯುವ ಅಗತ್ಯ ಬಹುಶಃ ಬರುವುದಿಲ್ಲ. ಲ್ಯಾಮಿನೇಟ್ ಅಂತೂ ಬೇಡವೇ ಬೇಡ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಆ ಬಿಳಿ ಪುಡಿಯ ಮೇಲೆ. ಅದರ ಮೂಲ ಗೊತ್ತಾಗುವವರೆಗೆ ಯಾವ ಅಂಗಡಿಗೂ ಹೋಗಿ ಟೈಲ್ಸ್ ನೋಡಬೇಡಿ.

ಆ ಪುಡಿ ಉಪ್ಪು. ಮಣ್ಣಿನ ತೇವ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ, ದೀಪದ ಬತ್ತಿ ಎಣ್ಣೆ ಹೀರಿದಂತೆ, ಮೇಲಕ್ಕೆ ಏರುತ್ತದೆ. ಬರುವಾಗ ಸಿಮೆಂಟಿನಲ್ಲಿ, ಮಣ್ಣಿನಲ್ಲಿ ಇರುವ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಮೇಲೆ ಬಂದು ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬೂಷ್ಟು ಇರಬಹುದಾ ಅಂತ ಅನುಮಾನ ಇದ್ದರೆ ಸ್ವಲ್ಪ ಪುಡಿ ಕೆರೆದು ನೀರಿಗೆ ಹಾಕಿ ನೋಡಿ. ಉಪ್ಪಾದರೆ ಹೆಚ್ಚಿನ ಪಾಲು ಕರಗುತ್ತದೆ. ಬೂಷ್ಟು ಕರಗುವುದಿಲ್ಲ, ಜೊತೆಗೆ ಮುಗ್ಗುಲು ವಾಸನೆ ಇರುತ್ತದೆ.

ಎಂಬತ್ತರ ದಶಕದ ಬೆಂಗಳೂರಿನ ಮನೆಗಳಲ್ಲಿ ನೆಲ ಹಾಕುತ್ತಿದ್ದ ರೀತಿ ಹೆಚ್ಚುಕಮ್ಮಿ ಒಂದೇ. ಮಣ್ಣು ದಮ್ಮಸ್ಸು ಮಾಡಿ, ಮೇಲೆ 40 ಎಂ.ಎಂ. ಜಲ್ಲಿಯ ಕಾಂಕ್ರೀಟು ಸುಮಾರು ನಾಲ್ಕು ಇಂಚು, ಅದರ ಮೇಲೆ ಒಂದು ಇಂಚು ಸಿಮೆಂಟ್ ಗಾರೆ, ಕೊನೆಗೆ ರೆಡ್ ಆಕ್ಸೈಡ್. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸುವ ರೂಢಿ ಆಗ ಇರಲಿಲ್ಲ. ಅಂದರೆ ಮಣ್ಣಿಗೂ ನಿಮ್ಮ ನೆಲಕ್ಕೂ ನಡುವೆ ತಡೆ ಏನೂ ಇಲ್ಲ. ಇಷ್ಟು ವರ್ಷ ತೊಂದರೆ ಕಾಣಲಿಲ್ಲ, ಯಾಕೆಂದರೆ ನೆಲ ತೆರೆದಿತ್ತು. ಬಂದ ತೇವ ಬಂದಂತೆ ಗಾಳಿಗೆ ಹೋಗುತ್ತಿತ್ತು. ಅದರ ಮೇಲೆ ಲ್ಯಾಮಿನೇಟ್ ಅಥವಾ ವಿನೈಲ್ ಹೊದಿಸಿದ ದಿನದಿಂದ ಆ ತೇವಕ್ಕೆ ದಾರಿ ಮುಚ್ಚಿತು. ಲ್ಯಾಮಿನೇಟಿನ ಒಳಗಿರುವುದು ಒತ್ತಿದ ಮರದ ಪುಡಿ. ಅದು ತೇವ ಹೀರಿ ಊದುತ್ತದೆ, ಅಂಚುಗಳು ಎದ್ದು ನಿಲ್ಲುತ್ತವೆ. ವಿನೈಲ್ ಊದುವುದಿಲ್ಲ, ಆದರೆ ಅದನ್ನು ಹಿಡಿದಿರುವ ಅಂಟು ಕಾಂಕ್ರೀಟಿನ ಕ್ಷಾರಕ್ಕೆ ಸಿಕ್ಕಿ ಮೆತ್ತಗಾಗುತ್ತದೆ. ಕೆಳಗೆ ಕತ್ತಲೆ, ತೇವ, ಧೂಳು ಮೂರೂ ಇರುವುದರಿಂದ ಬೂಷ್ಟು ಬರುವುದು ಗ್ಯಾರಂಟಿ. ಎರಡು ದಿನದ ಕೆಲಸ ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಕಿತ್ತು ಹಾಕುವ ಕೆಲಸ ಆಗುತ್ತದೆ.

ತೇವ ಎಷ್ಟಿದೆ ಅಂತ ನೀವೇ ನೋಡಬಹುದು. ಒಂದೂವರೆ ಅಡಿ ಚೌಕದ ದಪ್ಪ, ಬಣ್ಣವಿಲ್ಲದ ಪ್ಲಾಸ್ಟಿಕ್ ಹಾಳೆಗಳನ್ನು ಕತ್ತರಿಸಿಕೊಳ್ಳಿ. ಹಿಂದಿನ ಗೋಡೆ ಹತ್ತಿರ ಎರಡು ಕಡೆ, ಕೋಣೆಯ ನಡುವೆ ಒಂದು ಕಡೆ, ಕಿಟಕಿ ಹತ್ತಿರ ಒಂದು ಕಡೆ ನೆಲಕ್ಕೆ ಹಾಸಿ. ನಾಲ್ಕೂ ಅಂಚಿಗೆ ಅಗಲವಾದ ಟೇಪು ಹಚ್ಚಿ, ಗಾಳಿ ಆಡದಂತೆ ಬೆರಳಲ್ಲಿ ತಿಕ್ಕಿ. ಕನಿಷ್ಠ 16 ಗಂಟೆ ಬಿಡಬೇಕು ಅನ್ನುವುದು ಪದ್ಧತಿ. ನಿಮ್ಮ ನೆಲದ ಮೇಲೆ ನುಣುಪಾದ ಪದರ ಇರುವುದರಿಂದ ಮೂರು ದಿನ ಬಿಡಿ.

ತೆಗೆಯುವ ಮೊದಲು ಬಗ್ಗಿ ನೋಡಿ. ಹಾಳೆಯ ಮೇಲ್ಭಾಗದಲ್ಲಿ ಬೆವರಿದ್ದರೆ ಅದು ಕೋಣೆಯ ಗಾಳಿಯದು. ನೆಲ ಥಂಡಿ, ಗಾಳಿ ತೇವ, ಅದಕ್ಕೇ ಹನಿ ಕಟ್ಟಿದೆ. ಅದಕ್ಕೆ ಮದ್ದು ಗಾಳಿಯಾಟ. ಹಾಳೆಯ ಒಳಮುಖಕ್ಕೆ ಹನಿ ಕೂತಿದ್ದರೆ, ಅಥವಾ ಹಾಳೆ ತೆಗೆದಾಗ ಆ ಚೌಕದಲ್ಲಿ ಮಾತ್ರ ನೆಲದ ಬಣ್ಣ ಕಡು ಆಗಿದ್ದರೆ, ತೇವ ಮಣ್ಣಿನಿಂದ ಬರುತ್ತಿದೆ. ಎರಡೂ ಒಟ್ಟಿಗೆ ಇರಬಹುದು. ಆಗ ಎರಡಕ್ಕೂ ಕೆಲಸ ಬೇಕು.

ಇದನ್ನು ಯಾವಾಗ ಮಾಡುತ್ತೀರಿ ಅನ್ನುವುದು ಬಹಳ ಮುಖ್ಯ. ಮಾರ್ಚ್, ಏಪ್ರಿಲ್‌ನಲ್ಲಿ ಬೆಂಗಳೂರಿನ ಯಾವ ನೆಲವೂ ಒಣಗಿದಂತೆ ಕಾಣುತ್ತದೆ. ಕಾಂಟ್ರಾಕ್ಟರುಗಳು ಬಂದು ಕೈಯಾಡಿಸಿ "ಸಾರ್, ಬೋನ್ ಡ್ರೈ" ಅನ್ನುವುದೂ ಆಗಲೇ. ನಮ್ಮಲ್ಲಿ ಜೋರು ಮಳೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಮಣ್ಣು ಪೂರ್ತಿ ನೆನೆದು ಕೂತಿರುವುದು ಅಕ್ಟೋಬರ್, ನವೆಂಬರ್‌ನಲ್ಲಿ. ನಿಜವಾದ ಉತ್ತರ ಸಿಗುವುದು ಆಗ. ಒಂದು ಮಳೆಗಾಲ ಕಾಯುವುದು ಕಷ್ಟ ಅಂತ ಗೊತ್ತು. ಆದರೂ ಕಾಯಿರಿ ಅಂತಲೇ ಹೇಳುತ್ತೇನೆ. ಕಾಯಲು ಆಗುವುದೇ ಇಲ್ಲ ಅಂದರೆ ಕಾಂಕ್ರೀಟಿಗೆ ತೂತು ಕೊರೆದು, ಅದರ ದಪ್ಪದ ಶೇಕಡಾ 40ರಷ್ಟು ಆಳದಲ್ಲಿ ಪ್ರೋಬ್ (ತೇವ ಅಳೆಯುವ ಕಡ್ಡಿ) ಇಟ್ಟು ಒಳಗಿನ ಆರ್ದ್ರತೆ ಅಳೆಯುವ ವಿಧಾನ ಇದೆ. ಆದರೆ ಅದೂ ಹೇಳುವುದು ಆ ದಿನದ ಸ್ಥಿತಿಯನ್ನು ಮಾತ್ರ.

ಈ ನಡುವೆ ನೀರಿನ ಮೂಲ ಹುಡುಕಿ. ಎಲ್ಲಾ ತೇವವೂ ಮಳೆಯದಲ್ಲ. ನಮ್ಮ ಊರಿನಲ್ಲಿ ಮೊದಲು ಅನುಮಾನ ಪಡಬೇಕಾದ್ದು ಸಂಪಿನ ಮೇಲೆ. ನಿಮ್ಮ ಸಂಪು ಎಲ್ಲಿದೆ ಅಂತ ಬರೆದಿಲ್ಲ. ಬೇಸ್‌ಮೆಂಟ್ ಗೋಡೆಗೆ ಅಂಟಿಕೊಂಡಿದ್ದರೆ ಇವತ್ತೇ ನೋಡಿ. ರಾತ್ರಿ ಕಾವೇರಿ ನೀರಿನ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ಒಂದು ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲೇ ಮತ್ತೆ ಅಳೆಯಿರಿ. 6 ಅಡಿ ಚೌಕದ ಸಂಪಿನಲ್ಲಿ ಒಂದು ಇಂಚು ಇಳಿದಿದೆ ಅಂದರೆ ಸುಮಾರು 85 ಲೀಟರ್ ನೀರು ಎಲ್ಲೋ ಹೋಗಿದೆ. ಅಷ್ಟು ನೀರು ದಿನಾ ನಿಮ್ಮ ಗೋಡೆಗೆ ತಾಗಿದ ಮಣ್ಣಿಗೆ ಇಳಿಯುತ್ತಿದ್ದರೆ ಯಾವ ಫ್ಲೋರಿಂಗೂ ಉಳಿಯುವುದಿಲ್ಲ. ಸಂಪು ಖಾಲಿ ಮಾಡಿ ಒಳಗಡೆಯಿಂದ ವಾಟರ್‌ಪ್ರೂಫಿಂಗ್ ಮಾಡಿಸಿದರೆ ಎಷ್ಟೋ ಬೇಸ್‌ಮೆಂಟ್‌ಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಎರಡನೆಯದು ಇಂಗುಗುಂಡಿ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಬಂದು, 60x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೇ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಒಳ್ಳೆಯ ಕೆಲಸ, ನಾನು ಎಲ್ಲರಿಗೂ ಮಾಡಿಸಿ ಅಂತಲೇ ಹೇಳುವವನು. ಆದರೆ ಜಾಗ ಇಲ್ಲ ಅಂತ ಪಾಯಕ್ಕೆ ಅಂಟಿಸಿ ಗುಂಡಿ ತೋಡಿದ ಮನೆಗಳಿವೆ. ಚಾವಣಿಯ ನೀರೆಲ್ಲ ತಂದು ಬೇಸ್‌ಮೆಂಟ್ ಗೋಡೆಯ ಬೆನ್ನಿಗೆ ಸುರಿದಂತೆ ಅದು. ನಿಮ್ಮಲ್ಲಿ ಹಾಗಿದ್ದರೆ ಆ ಪೈಪನ್ನು ಮುಂದಿನ ಇಳಿಜಾರಿನ ಕಡೆಗೆ, ಪಾಯದಿಂದ ದೂರಕ್ಕೆ ತಿರುಗಿಸಿ. ಹಾಗೇ ಮನೆ ಹಿಂದಿನ ಸಂದಿಗೆ ಹೋಗಿ ನೋಡಿ. ಅಲ್ಲಿ ಗಾರೆ ಬಿರಿದಿದೆಯಾ, ನೀರು ಗೋಡೆ ಕಡೆಗೇ ಇಳಿಯುತ್ತದಾ, ಪಕ್ಕದ ಮನೆಯವರ ಬಚ್ಚಲ ಪೈಪು ಸೋರುತ್ತಾ? ಆ ಕಾಲದ ಪಾಯದ ಗೋಡೆ ಸಾಮಾನ್ಯವಾಗಿ ಸೈಜುಗಲ್ಲಿನದು. ಕಲ್ಲು ನೀರು ಬಿಡುವುದಿಲ್ಲ, ಸಂದಿನ ಗಾರೆ ಬಿಡುತ್ತದೆ. ಹೊರಗಿನ ಸಂದಿಗೆ ಗೋಡೆಯಿಂದ ಆಚೆಗೆ ವಾಟ ಕೊಟ್ಟು ಗಾರೆ ಮಾಡಿಸಿ, ಒಂದು ಸಣ್ಣ ಚರಂಡಿ ತೆಗೆಸಿದರೆ ಒಳಗಿನ ಪುಡಿ ಅರ್ಧಕ್ಕರ್ಧ ಕಡಿಮೆ ಆಗುವುದನ್ನು ನಾನು ನೋಡಿದ್ದೇನೆ.

ಮಳೆಗಾಲದಲ್ಲಿ ಬರೀ ತೇವವಲ್ಲ, ನೀರೇ ಜಿನುಗಿ ನೆಲದ ಮೇಲೆ ನಿಲ್ಲುತ್ತದೆ ಅಂತಾದರೆ ಫ್ಲೋರಿಂಗ್ ಮಾತು ಅಲ್ಲಿಗೆ ಬಿಡಿ. ಅದಕ್ಕೆ ಡ್ರೈನ್, ಪಂಪು, ಗೋಡೆಯ ವಾಟರ್‌ಪ್ರೂಫಿಂಗ್ ಬೇಕು, ಸ್ಥಳಕ್ಕೆ ಬಂದು ನೋಡುವ ಎಂಜಿನಿಯರ್ ಬೇಕು. 2022ರ ಸೆಪ್ಟೆಂಬರ್ ಮಳೆಗೆ ಯಮಲೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟ್‌ಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ನಿಮ್ಮದು ಎತ್ತರದ ಜಾಗ, ಇಳಿಜಾರು, ಮುಂದೆ ತೆರೆದಿದೆ. ಅಂಥ ಪ್ರವಾಹ ಬರುವ ಸಾಧ್ಯತೆ ಕಡಿಮೆ. ನಿಮ್ಮ ತಲೆನೋವು ಹಿಂದಿನ ಮಣ್ಣು.

ಈಗ ನೆಲಕ್ಕೆ ಬರೋಣ. ಮೂಲ ಸರಿಪಡಿಸಿದ ಮೇಲೆ ಮತ್ತೆ ಹಾಳೆ ಹಾಸಿ ನೋಡಿ. ಒಣಗಿದ್ದರೆ, ಅಥವಾ ಗೋಡೆ ಹತ್ತಿರ ಮಾತ್ರ ಸ್ವಲ್ಪ ಬೆವರಿದ್ದರೆ, ನನ್ನ ಸಲಹೆ ಮ್ಯಾಟ್ ಫಿನಿಶ್ ವಿಟ್ರಿಫೈಡ್ ಟೈಲ್ಸ್, ಹಳೇ ನೆಲದ ಮೇಲೇ, ಟೈಲ್ ಅಂಟು ಅಂದರೆ ಟೈಲ್ ಅಡ್ಹೆಸಿವ್‌ನಲ್ಲಿ. ಟೈಲ್ಸ್‌ಗೆ ತೇವದ ಹೆದರಿಕೆ ಇಲ್ಲ. ಸ್ವಲ್ಪ ತೇವ ಬಂದರೂ ಟೈಲ್ ನಡುವೆ ತುಂಬುವ ಗ್ರೌಟಿನ ಸಂದಿನಲ್ಲಿ ಆವಿಯಾಗಲು ಜಾಗ ಇರುತ್ತದೆ. ಕಾಲಿಗೆ ಥಂಡಿ ಅನಿಸಿದರೆ ಮಕ್ಕಳು ಕೂರುವ ಕಡೆ ಒಂದು ಜಮಖಾನ ಹಾಸಿ. ಒಗೆದು ಬಿಸಿಲಿಗೆ ಹಾಕಬಹುದು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಮಾತ್ರ ಹಾಕಿಸಬೇಡಿ.

ಮರದ ನೋಟವೇ ಬೇಕು ಅಂದರೆ ಮರದ ವಿನ್ಯಾಸದ ಟೈಲ್ಸ್ ಸಿಗುತ್ತವೆ. ಇಲ್ಲದಿದ್ದರೆ ಎಸ್‌ಪಿಸಿ, ಅಂದರೆ ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ. ಅದು ಊದುವುದಿಲ್ಲ. ಒಂದಕ್ಕೊಂದು ಕ್ಲಿಕ್ ಆಗಿ ಕೂರುತ್ತದೆ, ಅಂಟು ಬೇಡ. ಆದರೆ ಅದರ ಕೆಳಗೂ ತೇವ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ನಾಲ್ಕೂ ಹಾಳೆ ಒಣಗಿದ್ದರೆ ಮಾತ್ರ, ಅದೂ ಕೆಳಗೆ 250 ಮೈಕ್ರಾನ್ ಪಾಲಿಥೀನ್ ಹಾಸಿ, ಗೋಡೆ ಸುತ್ತ 8ರಿಂದ 10 ಎಂ.ಎಂ. ಸಂದು ಬಿಟ್ಟು ಹಾಕಿಸಿ. ಇದಕ್ಕೆ ನೆಲ ಬಹಳ ಸಮವಾಗಿರಬೇಕು. 2 ಮೀಟರ್ ಉದ್ದದ ಮಟ್ಟಗೋಲು ಇಟ್ಟಾಗ ಕೆಳಗೆ 3 ಎಂ.ಎಂ.ಗಿಂತ ಜಾಸ್ತಿ ಸಂದು ಕಾಣಬಾರದು. ಕಂಡರೆ ಕ್ಲಿಕ್ ಜೋಡಣೆ ತುಳಿದು ತುಳಿದು ಮುರಿಯುತ್ತದೆ.

ಹಾಳೆ ಕೆಳಗೆ ಎಲ್ಲಾ ಕಡೆ ತೇವ ಬರುತ್ತಲೇ ಇದ್ದರೆ ತಡೆ ಪದರ ಬೇಕು. ಹಳೇ ರೆಡ್ ಆಕ್ಸೈಡ್ ಪೂರ್ತಿ ಉಜ್ಜಿ ತೆಗೆದು, ಬರಿಯ ಕಾಂಕ್ರೀಟಿಗೆ ಎರಡು ಭಾಗ ಬೆರೆಸುವ ಎಪಾಕ್ಸಿ ತೇವತಡೆಯನ್ನು ಎರಡು ಕೋಟ್ ಕೊಡುತ್ತಾರೆ. ಎರಡನೇ ಕೋಟ್ ಹಸಿ ಇರುವಾಗಲೇ ಮೇಲೆ ಒಣ ಮರಳು ಎರಚಬೇಕು. ಇಲ್ಲದಿದ್ದರೆ ಮುಂದಿನ ಪದರಕ್ಕೆ ಹಿಡಿತ ಸಿಗುವುದಿಲ್ಲ. ಖರ್ಚು ಜಾಸ್ತಿ. ಆದರೆ ತೇವದ ನೆಲದ ಮೇಲೆ ವಿನೈಲ್, ಎಸ್‌ಪಿಸಿ ಹಾಕಲು ಬೇರೆ ನಂಬುವಂಥ ದಾರಿ ಇಲ್ಲ. ಇಲ್ಲಿ ಇನ್ನೊಂದು ಮಾತು: ನೆಲದ ತೇವಕ್ಕೆ ದಾರಿ ಮುಚ್ಚಿದಾಗ ಅದು ಗೋಡೆಯ ಬುಡಕ್ಕೆ ಸರಿಯಬಹುದು. ಹಾಗಾಗಿ ಈ ಕೋಟನ್ನು ಗೋಡೆ ಮೇಲೂ ಸುಮಾರು ಒಂದು ಅಡಿ ಎತ್ತರಕ್ಕೆ ಹತ್ತಿಸಿ.

ಇನ್ನೊಂದು ದಾರಿಯನ್ನು ಯಾವ ಕಾಂಟ್ರಾಕ್ಟರೂ ಹೇಳುವುದಿಲ್ಲ. ನಿಮ್ಮ ರೆಡ್ ಆಕ್ಸೈಡ್ ಅನ್ನೇ ಉಳಿಸಿಕೊಳ್ಳಿ. ಅದು ಒಳ್ಳೆಯ ನೆಲ. ಬಿರುಕು ಮುಚ್ಚಿ, ಉಜ್ಜಿ, ಪಾಲಿಶ್ ಮಾಡಿಸಿದರೆ ಮತ್ತೆ ಹೊಳೆಯುತ್ತದೆ, ಸ್ವಲ್ಪ ಮಟ್ಟಿಗೆ ಉಸಿರಾಡುತ್ತಲೂ ಇರುತ್ತದೆ. ಹೊಸದಾಗಿ ಅದನ್ನು ಚೆನ್ನಾಗಿ ಹಾಕುವ ಕೈಗಳು ಈಗ ಬೆಂಗಳೂರಿನಲ್ಲಿ ಬಹಳ ಕಡಿಮೆ. ಇರುವುದನ್ನು ಕಳೆದುಕೊಳ್ಳುವ ಮುನ್ನ ಒಂದು ಮೂಲೆಯಲ್ಲಿ ಎರಡು ಅಡಿ ಜಾಗ ಉಜ್ಜಿಸಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಟೈಲ್ಸ್ ಅಂತಲೇ ಆದರೆ, ಹಾಕುವ ಮೊದಲು ಹಳೇ ನೆಲವನ್ನು ಪರೀಕ್ಷೆ ಮಾಡಿಸಿ. ಸಣ್ಣ ಸುತ್ತಿಗೆ ಹಿಡಿದು ಒಂದು ಅಡಿಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದ ಕಡೆ ಮೇಲಿನ ಗಾರೆ ಕೆಳಗಿನ ಕಾಂಕ್ರೀಟಿನಿಂದ ಬಿಟ್ಟುಕೊಂಡಿದೆ. ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಅಷ್ಟನ್ನು ಮಾತ್ರ ಕೆತ್ತಿಸಿ ತುಂಬಿಸಿ. ಇಡೀ ನೆಲ ಟೊಳ್ಳಾಗಿದ್ದರೆ ಮಾತ್ರ ಎರಡನೇ ಕಾಂಟ್ರಾಕ್ಟರ್ ಹೇಳಿದ ಹಾಗೆ ಒಡೆಯುವುದು. ಆಗಲೂ ಮೇಲಿನ ಗಾರೆಯನ್ನಷ್ಟೇ, ಕಾಂಕ್ರೀಟನ್ನಲ್ಲ.

ಆಮೇಲೆ ನೆಲದ ಮೇಲೆ ಅಲ್ಲಲ್ಲಿ ನೀರು ಚಿಮುಕಿಸಿ. ರೆಡ್ ಆಕ್ಸೈಡ್ ನೆಲಕ್ಕೆ ಆಗ ಕೊಬ್ಬರಿ ಎಣ್ಣೆ, ಮೇಣ ಹಚ್ಚಿ ಹೊಳಪು ಬರಿಸುತ್ತಿದ್ದರು. ನೀರು ಹೀರದೆ ಹನಿ ಹನಿಯಾಗಿ ನಿಂತರೆ ಆ ಜಿಡ್ಡು ಇನ್ನೂ ಇದೆ ಅಂತ ಅರ್ಥ. ಅದರ ಮೇಲೆ ಯಾವ ಅಂಟೂ ಹಿಡಿಯುವುದಿಲ್ಲ. ಮೇಸ್ತ್ರಿಗಳು ಆಸಿಡ್ ಸುರಿದು ತೊಳೆಯೋಣ ಅನ್ನುತ್ತಾರೆ. ಬೇಡ ಅನ್ನಿ. ಮುಚ್ಚಿದ ಬೇಸ್‌ಮೆಂಟಿನಲ್ಲಿ ಆ ಹೊಗೆ ಶ್ವಾಸಕೋಶಕ್ಕೆ ಅಪಾಯ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರಂತೂ ಕ್ಲೋರಿನ್ ಅನಿಲ ಬರುತ್ತದೆ, ಜೀವಕ್ಕೇ ಕುತ್ತು. ಗ್ರೈಂಡರ್‌ನಲ್ಲಿ ಉಜ್ಜಿಸಿ, ಅದಕ್ಕೆ ವ್ಯಾಕ್ಯೂಮ್ ಜೋಡಿಸಿದ ಮಿಷನ್ ಕೇಳಿ. ಕೆಲಸದವರಿಗೆ ಎನ್-95 ಮಾಸ್ಕ್ ನೀವೇ ತಂದುಕೊಡಿ. ಕಾಂಕ್ರೀಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶ ಸೇರಿದರೆ ವಾಪಸ್ ಬರುವುದಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡಲು ಬಿಡಬೇಡಿ.

ಬಿರುಕಿನ ವಿಷಯ. ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ನಡುವೆ ಎರಡು ಕಡೆ ಬಿರುಕಿಗೆ ಅಡ್ಡವಾಗಿ ತೆಳ್ಳಗೆ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿ. ಮಳೆಗಾಲ ಕಳೆದರೂ ಪಿಓಪಿ ಸೀಳದಿದ್ದರೆ ಅದು ಹಳೇ ಬಿರುಕು. ಬಿರುಕಿನ ಉದ್ದಕ್ಕೂ ಕೊರೆದು ಸ್ವಲ್ಪ ಅಗಲ ಮಾಡಿ, ಪಾಲಿಮರ್ ಗಾರೆ ಅಥವಾ ಎಪಾಕ್ಸಿ ತುಂಬಿದರೆ ಸಾಕು. ಪಿಓಪಿ ಸೀಳಿದ್ದರೆ, ಅಥವಾ ಬಿರುಕಿನ ಒಂದು ಪಕ್ಕ ಇನ್ನೊಂದಕ್ಕಿಂತ ಎತ್ತರವಾಗಿದ್ದರೆ, ನೆಲ ಕುಸಿಯುತ್ತಿರಬಹುದು. ಆಗ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ.

ಟೈಲ್ಸ್ ಹಾಕುವಾಗ ನೀವು ಪಕ್ಕದಲ್ಲಿ ನಿಲ್ಲಬೇಕಾದ್ದು ಮೊದಲ ಒಂದು ಗಂಟೆ. ನಮ್ಮ ಮೇಸ್ತ್ರಿಗಳಿಗೆ ಗಾರೆ ಹಾಸಿ, ಸಿಮೆಂಟ್ ಹಾಲು ಸುರಿದು, ಟೈಲ್ ಕೂರಿಸಿ ತಟ್ಟುವುದು ರೂಢಿ. ವಿಟ್ರಿಫೈಡ್ ಟೈಲ್ ಶೇಕಡಾ ಅರ್ಧದಷ್ಟೂ ನೀರು ಹೀರುವುದಿಲ್ಲ, ಹಾಗಾಗಿ ಸಿಮೆಂಟ್ ಹಾಲು ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಮೇಲಾಗಿ ಗಾರೆ ಎರಡು ಇಂಚು ಎತ್ತರ ತಿನ್ನುತ್ತದೆ. ಅಡ್ಹೆಸಿವ್ ಬ್ಯಾಗಿನ ಮೇಲೆ ಐಎಸ್ 15477 (ಟೈಲ್ ಅಂಟಿಗೆ ಇರುವ ಭಾರತೀಯ ಮಾನಕದ ಸಂಖ್ಯೆ) ಅಂತ ಇದೆಯಾ ನೋಡಿ, ವಿಟ್ರಿಫೈಡ್‌ಗೆ ಟೈಪ್ 2ಕ್ಕಿಂತ ಕಡಿಮೆ ಬೇಡ. ಹಲ್ಲಿನ ಕರಣೆಯಲ್ಲಿ ಒಂದೇ ದಿಕ್ಕಿಗೆ ಗೆರೆ ಎಳೆಯಬೇಕು. ಮೂರ್ನಾಲ್ಕು ಟೈಲ್ ಕೂರಿಸಿದ ಮೇಲೆ ಒಂದನ್ನು ಎತ್ತಿಸಿ ಹಿಂಬದಿ ನೋಡಿ. ಅಡ್ಹೆಸಿವ್ ಮೂಲೆಯಿಂದ ಮೂಲೆಗೆ ಮೆತ್ತಿರಬೇಕು. ನಡುವೆ ಐದು ಉಂಡೆ ಮಾತ್ರ ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ. ಟೈಲ್ ನಡುವೆ ಸ್ಪೇಸರ್ ಇಟ್ಟು 2ರಿಂದ 3 ಎಂ.ಎಂ. ಬಿಡಿಸಿ. ಗೋಡೆ ಸುತ್ತ ಒಂದು ಬೆರಳು ಸಂದು ಬಿಡಿಸಿ, ಅದರೊಳಗೆ ಗಾರೆ ತುಂಬಲು ಬಿಡಬೇಡಿ, ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ. ಒತ್ತೊತ್ತಾಗಿ ಹಾಕಿದ ನೆಲದಲ್ಲಿ ಕೆಲವು ವರ್ಷಕ್ಕೆ ಒಂದು ದಿನ ದಢಾರ್ ಅಂತ ಟೈಲ್ಸ್ ಎದ್ದು ನಿಲ್ಲುವುದು ಈ ಸಂದು ಇಲ್ಲದ್ದಕ್ಕೇ.

ಎತ್ತರದ ಲೆಕ್ಕ ಮೊದಲೇ ಮಾಡಿಕೊಳ್ಳಿ. ಹೊಸ ನೆಲದಿಂದ ಚಾವಣಿಗೆ ಎಂಟು ಅಡಿ, ಅಂದರೆ 2.4 ಮೀಟರ್ ಉಳಿಯಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ಬೇಸ್‌ಮೆಂಟಿಗೆ ಹೇಳುವುದೂ ಕನಿಷ್ಠ ಅಷ್ಟನ್ನೇ. ನಿಮ್ಮ ಮಂಜೂರಾದ ನಕ್ಷೆಯಲ್ಲಿ ಆ ಜಾಗ ಯಾವ ಬಳಕೆಗೆ ಅಂತ ಇದೆ ಅನ್ನುವುದನ್ನೂ ಒಮ್ಮೆ ನೋಡಿಬಿಡಿ. ನೆಲ ಎರಡು ಇಂಚು ಎದ್ದರೆ ಮೆಟ್ಟಿಲಿನ ಕೊನೆಯ ಹೆಜ್ಜೆ ಅಷ್ಟು ಗಿಡ್ಡ ಆಗುತ್ತದೆ. ಮಾವನವರು ಇಳಿದು ಬರುವಾಗ ಕಾಲು ಹಳೇ ಅಳತೆಗೇ ಹೋಗುತ್ತದೆ, ಮುಗ್ಗರಿಸುತ್ತಾರೆ. ಅಡ್ಹೆಸಿವ್‌ನಲ್ಲಿ ಹಾಕಿದರೆ ಟೈಲ್ ಸೇರಿ ಅರ್ಧ ಇಂಚಿನ ಆಸುಪಾಸಿನಲ್ಲಿ ಮುಗಿಯುತ್ತದೆ. ನಾನು ಅದನ್ನೇ ಹೇಳಲು ಇದೂ ಒಂದು ಕಾರಣ.

ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಪುಸ್ತಕದ ಬೀರುಗಳನ್ನು ಹಿಂದಿನ ಗೋಡೆಗೆ ಒರಗಿಸದೆ ಮೂರು ಇಂಚು ಬಿಟ್ಟು, ಕಾಲಿನ ಮೇಲೆ ನಿಲ್ಲಿಸಿ. ಪ್ಲಗ್ ಪಾಯಿಂಟುಗಳನ್ನು ನೆಲದ ಹತ್ತಿರ ಇಡಬೇಡಿ.

ಎಪಾಕ್ಸಿ ಪೇಂಟ್ ಕೇಳಿದ್ದಿರಿ. ಅದು ಒಣ ನೆಲಕ್ಕೆ ಚೆನ್ನ. ತೇವ ಏರುವ ನೆಲದಲ್ಲಿ ತೆಳ್ಳನೆಯ ಪೇಂಟಿನ ಪದರ ಮೊದಲು ಗುಳ್ಳೆ ಗುಳ್ಳೆಯಾಗಿ ಎದ್ದು, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಬರುತ್ತದೆ. ಉಳಿದ ಚೂರುಗಳನ್ನು ಉಜ್ಜಿ ತೆಗೆಸದೆ ಟೈಲ್ಸ್ ಕೂಡ ಹಾಕಲು ಆಗುವುದಿಲ್ಲ. ಪೇಂಟಿಗೆ ಅಂತ ಇಟ್ಟ ದುಡ್ಡನ್ನು ಈ ಸಲ ಮನೆ ಹಿಂದಿನ ಸಂದಿಯ ಗಾರೆಗೆ, ಚರಂಡಿಗೆ ಹಾಕಿ. ನವೆಂಬರ್‌ನಲ್ಲಿ ಹಾಳೆ ತೆಗೆದು ನೋಡಿ, ನಾಲ್ಕು ಚೌಕಗಳ ಫೋಟೋ ಮತ್ತು ಸಂಪಿನ ಅಳತೆ ಕಳಿಸಿದರೆ ಯಾವ ದಾರಿ ಅಂತ ಖಚಿತವಾಗಿ ಹೇಳುತ್ತೇನೆ.